ಟವೆಲ್ಲಿನಡಿ ಕುದುರಿದ ಲಾರಿ

ಅಜ್ಜಂಪುರದಿಂದ ಹುಬ್ಬಳ್ಳಿಗೆ ಒಂದು ಲೋಡು ತೆಂಗಿನಕಾಯಿ ಹೋಗಬೇಕಾದರೆ ಲಾರಿ ಬಾಡಿಗೆ ಆರುನೂರ ಐವತ್ತು. ಹತ್ತಿಸುವ ಹಮಾಲಿ ಬೇರೆ, ಇಳಿಸುವ ಹಮಾಲಿ ಬೇರೆ. ಡ್ರೈವರನ ಊಟಕ್ಕೆ, ದಾರಿಯಲ್ಲಿ ಅಡ್ಡ ಹಾಕುವವರ ಕಾಫಿಗೆ ಅಂತ ಇನ್ನೊಂದು ಐವತ್ತು. ಇಷ್ಟೆಲ್ಲ ಕಳೆದು ಸಾವಿರ ಕಾಯಿಗೆ ಮೂವತ್ತು ರೂಪಾಯಿ ಕೈಗೆ ಹತ್ತಿದರೆ ಪುಣ್ಯ. ಲಾರಿಯವನು ಹೇಳಿದ ದಿನ ಬಾರದೆ ಹೋದರೆ ಅದೂ ಇಲ್ಲ. ಸುಲಿದ ಕಾಯಿ ಬೇಸಗೆಯ ಝಳಕ್ಕೆ ಬಿರಿಯುತ್ತದೆ. ಬಿರಿದ ಕಾಯನ್ನು ಹುಬ್ಬಳ್ಳಿಯವರು ಪಕ್ಕಕ್ಕೆಸೆದು ಅರ್ಧ ಬೆಲೆ ಕಟ್ಟುತ್ತಾರೆ.

ಈ ಲೆಕ್ಕವನ್ನು ತೀರ್ಥಮ್ಮ ಶಾಲೆಯಲ್ಲಿ ಕಲಿತಿರಲಿಲ್ಲ. ಗಂಡ ಗಂಗಾಧರಯ್ಯ ಬದುಕಿದ್ದಾಗ ಮಂಡಿಯ ಹಿಂಬಾಗಿಲಲ್ಲಿ ಕೂತು, ಅವನಿಗೆ ಎಲೆ ಮಡಿಸಿ ಕೊಡುತ್ತಾ ಕೇಳಿಸಿಕೊಂಡಿದ್ದಳು. ಎಪ್ಪತ್ತೇಳನೇ ಇಸವಿಯಲ್ಲಿ ಅವನು ಎದೆನೋವು ಅಂತ ಮಲಗಿದವನು ಏಳಲಿಲ್ಲ. ಮಕ್ಕಳಿರಲಿಲ್ಲ. ಶಿವಗಣಾರಾಧನೆ ಮುಗಿದ ಮೇಲೆ ಮಂಡಿಯ ಬೀಗದ ಕೈ ಯಾರ ಸೊಂಟಕ್ಕೆ ಹೋಗುತ್ತದೋ ಅಂತ ಊರವರು ಕಾಯುತ್ತಿದ್ದರು. ತೀರ್ಥಮ್ಮ ಬೆಳಿಗ್ಗೆ ಎದ್ದು ತಾನೇ ಹೋಗಿ ಬೀಗ ತೆಗೆದಳು. ಎರಡು ದಿನ ಜನ ಬಂದು ನೋಡಿದರು, ಮೂರನೇ ದಿನ ಕಾಯಿ ತಂದು ಹಾಕಿದರು. ತೂಕ, ಎಣಿಕೆ ಸರಿಯಾಗಿದ್ದರೆ ಕೂತವರು ಗಂಡಸೋ ಹೆಂಗಸೋ ಅಂತ ರೈತನಿಗೇನು.

ಹಗಲು ಹೇಗೋ ಹೋಗುತ್ತಿತ್ತು. ಸಂಜೆ ಕಷ್ಟ. ಮಂಡಿಯ ಬಾಗಿಲೆಳೆದು ಮನೆಗೆ ಬಂದರೆ ಮಾತಾಡಲು ಗೋಡೆಗಳು. ಆ ಹೊತ್ತಿಗೆ ತಪ್ಪದೆ ಬರುತ್ತಿದ್ದವನು ಮೈದುನ ಪಂಚಾಕ್ಷರಪ್ಪ. ಅವನ ಮನೆ ಹಿಂದಿನ ಬೀದಿಯಲ್ಲೇ. ಜಗಲಿಯ ಮೇಲೆ ಟವೆಲ್ ಹಾಸಿಕೊಂಡು ಕೂರುವನು, ಊರ ಸುದ್ದಿ ಹೇಳುವನು, ಅತ್ತಿಗೆ ಕೊಟ್ಟ ಕಾಫಿ ಕುಡಿದು, ಸಕ್ಕರೆ ಕಮ್ಮಿ ಅಂತ ದಿನಾ ಹೇಳಿ, "ಬತ್ತೀನಿ ಅತ್ತಿಗೆ" ಅಂತ ಏಳುವನು. ಅವನು ಎದ್ದು ಹೋದ ಮೇಲೂ ಒಂದಷ್ಟು ಹೊತ್ತು ಮನೆಯಲ್ಲಿ ಜನ ಇದ್ದಂತಿರುತ್ತಿತ್ತು.

ಎಪ್ಪತ್ತೊಂಬತ್ತರ ಬೇಸಗೆಯಲ್ಲಿ ಬಾಡಿಗೆ ಲಾರಿ ಎರಡು ಸಲ ಕೈ ಕೊಟ್ಟಿತು. ಬಿರಿದ ಕಾಯಿಯ ರಾಶಿ ನೋಡಿ ತೀರ್ಥಮ್ಮ ಅಂದೇ ತೀರ್ಮಾನ ಮಾಡಿದಳು. ಕೂಡಿಟ್ಟ ದುಡ್ಡು, ಅವಲಕ್ಕಿ ಸರ, ಸ್ಟೇಷನ್ ಹತ್ತಿರದ ಖಾಲಿ ಸೈಟು, ಎಲ್ಲ ಸೇರಿ ನಲವತ್ತೈದು ಸಾವಿರವಾಯಿತು. ಹೊಸ ಲಾರಿ ಕನಸಿನ ಮಾತು. ಹಳೆಯದೊಂದು ಸಿಕ್ಕರೆ ಓಡಿಸಲು ಕಲ್ಲೇಶಪ್ಪ ಇದ್ದ. ಗಂಗಾಧರಯ್ಯನ ಕಾಲದಿಂದ ಮಂಡಿಯ ಲೋಡು ಹೊಡೆದ ಡ್ರೈವರು.

"ನೀನೂ ಬಾ ಕಣಪ್ಪ ಪಂಚಾಕ್ಷರಿ," ಅಂದಳು. "ಒಂಟಿ ಹೆಂಗಸು ಹೋದ್ರೆ ಕುರ್ಚಿನೂ ಹಾಕಲ್ಲ."

"ನಾನಿರುವಾಗ ನಿಮಗ್ಯಾಕೆ ಚಿಂತೆ ಅತ್ತಿಗೆ," ಅಂದ ಪಂಚಾಕ್ಷರಪ್ಪ.

ಮೊದಲು ಹೋಗಿದ್ದು ತರೀಕೆರೆಗೆ. ಬಸ್ ಸ್ಟ್ಯಾಂಡಿನಾಚೆ ತಗಡಿನ ಶೆಡ್ಡು, ಅದರ ಮುಂದೆ ಸಾಲಾಗಿ ಲಾರಿಗಳು. ಶೆಡ್ಡಿನವನು ಎದ್ದು ಬಂದು ಪಂಚಾಕ್ಷರಪ್ಪನಿಗೆ ಕೈ ಮುಗಿದ.

"ಬನ್ನಿ ಸ್ವಾಮಿ, ಬನ್ನಿ. ಲೇ, ಅಮ್ಮನೋರಿಗೆ ನೆರಳಲ್ಲಿ ಕುರ್ಚಿ ಹಾಕ್ರೋ."

ಕುರ್ಚಿ ಬಂತು. ಅದನ್ನು ಲಾರಿಯಿಂದ ಎಷ್ಟು ದೂರ ಹಾಕಿದರೆಂದರೆ, ಅಲ್ಲಿ ಕೂತರೆ ಚಕ್ರ ನಾಲ್ಕೋ ಆರೋ ಅನ್ನೋದೂ ತಿಳಿಯುವಂತಿರಲಿಲ್ಲ. ತೀರ್ಥಮ್ಮ ಕೂರಲಿಲ್ಲ. ಹಸಿರು ಬಣ್ಣ ಫಳಫಳ ಹೊಳೆಯುತ್ತಿದ್ದ ಗಾಡಿಯೊಂದರ ಬಳಿ ಹೋಗಿ, "ಇದು ಎಷ್ಟು ವರ್ಷದ್ದು?" ಅಂದಳು.

ಶೆಡ್ಡಿನವನು ಪಂಚಾಕ್ಷರಪ್ಪನ ಮುಖ ನೋಡಿ ಹೇಳಿದ. "ಅರವತ್ತೊಂಬತ್ತರ ಮಾಡ್ಲು ಸ್ವಾಮಿ. ಒಂದೇ ಕೈಯಲ್ಲಿ ಓಡಿರೋದು."

"ಕೇಳಿದ್ದು ನಾನು."

"ಹೌದಮ್ಮ, ಅದನ್ನೇ ಅವರಿಗೆ ಹೇಳ್ತಾ ಇದೀನಲ್ಲ."

ಕಲ್ಲೇಶಪ್ಪ ಅಷ್ಟರಲ್ಲಿ ಗಾಡಿಯ ಕೆಳಗೆ ನುಗ್ಗಿ ಉಗುರಿನಿಂದ ಕೆರೆಯುತ್ತಿದ್ದ. ಈಚೆ ಬಂದಾಗ ಅವನ ಅಂಗೈ ತುಂಬ ತುಕ್ಕಿನ ಪುಡಿ. "ನಡೀರಿ ಅಮ್ಮಾವ್ರೇ," ಅಂದ ಮೆಲ್ಲಗೆ. "ಬಣ್ಣ ತೆಗೆದ್ರೆ ಒಳಗೆ ಗಾಡೀನೇ ಇಲ್ಲ."

ಮುಂದಿನ ವಾರ ಕಡೂರಿಗೆ ಹೋದರು. ರೈಲು ಬೀರೂರು ದಾಟಿ ಕಡೂರು ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಅಲ್ಲಿಯ ಒಬ್ಬನ ಬಳಿ ಮೂರು ಲಾರಿ. ಮೂರನ್ನೂ ಇಳಿಜಾರಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದ.

"ಯಾಕೆ ಇಳಿಜಾರಲ್ಲೇ ನಿಲ್ಸಿದೀರಾ?" ಅಂದಳು ತೀರ್ಥಮ್ಮ.

"ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ತಾಯಿ."

"ಮಟ್ಟದ ಜಾಗಕ್ಕೆ ತಂದು ಸ್ಟಾರ್ಟ್ ಮಾಡಣ್ಣ, ಗಾಳಿ ನಾವು ಬೀಸ್ತೀವಿ," ಅಂದ ಕಲ್ಲೇಶಪ್ಪ. ಉರುಳಿಸದೆ ಸ್ಟಾರ್ಟ್ ಆಗದ ಗಾಡಿಗಳು ಅಂತ ಬಯಲಾದದ್ದಕ್ಕೆ ಆ ಮನುಷ್ಯನಿಗೆ ಸಿಟ್ಟು ಬಂತು. ಕಾಗದ ಪತ್ರ ಕೇಳಿದರೆ, ಒಂದರ ಮೇಲೆ ಯಾರದೋ ಸಾಲ ಇನ್ನೂ ತೀರಿರಲಿಲ್ಲ. ಕೊನೆಗೆ ಅವನು, "ಇದೆಲ್ಲ ನಿಮಗೆ ತಿಳಿಯಲ್ಲ ತಾಯಿ. ನಿಮ್ಮ ಯಜಮಾನ್ರನ್ನ ಕಳಿಸಿ, ಕೂತು ಮಾತಾಡ್ತೀವಿ," ಅಂದ.

"ಅವರನ್ನ ಕಳಿಸೋಕಾಗಲ್ಲ ಕಣಪ್ಪ. ಮಾತಾಡಲೇಬೇಕು ಅಂದ್ರೆ ಅವರಿರೋ ಕಡೆಗೆ ನೀನೇ ಹೋಗ್ಬೇಕು," ಅಂದಳು ತೀರ್ಥಮ್ಮ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಿಂದಿರುಗುವ ರೈಲಿನಲ್ಲಿ ಕಲ್ಲೇಶಪ್ಪ ಆ ಮಾತು ನೆನೆನೆನೆದು ನಕ್ಕ. ತೀರ್ಥಮ್ಮನೂ ನಕ್ಕಳು, ಆಮೇಲೆ ಕಿಟಕಿಯ ಕಡೆ ತಿರುಗಿ ಕೂತಳು. ಹೀಗೆ ಮಾತಿಗೆ ಮಾತು ಕೊಟ್ಟು ಬಂದ ದಿನ ಮನೆಯಲ್ಲಿ ಕೇಳಿ ಮೆಚ್ಚುವವರೊಬ್ಬರು ಇರಬೇಕು. ಇಲ್ಲದಿದ್ದರೆ ಗೆದ್ದದ್ದೂ ಬಾಯಲ್ಲಿ ಕಹಿಯಾಗುತ್ತದೆ. ಎದುರು ಕೂತಿದ್ದ ಪಂಚಾಕ್ಷರಪ್ಪ ಅದನ್ನು ಗಮನಿಸಿದನೋ ಏನೋ, ಬೀರೂರು ಸ್ಟೇಷನ್ನಿನಲ್ಲಿ ಇಳಿದು ಹೋಗಿ ಅವಳಿಗೆ ಬಿಸಿ ಕಾಫಿ ತಂದ. "ಸಕ್ಕರೆ ಜಾಸ್ತಿ ಹಾಕ್ಸಿದೀನಿ, ಕಲ್ತ್ಕೊಳ್ಳಿ," ಅಂದ.

ಮೂರನೆಯದು ದೇವೀರಪ್ಪನದು. ಕಡೂರಿನಲ್ಲೇ, ರೈಲ್ವೆ ಗೇಟು ದಾಟಿದರೆ ಅವನ ಮನೆ, ಮನೆಗೆ ಹೊಂದಿಕೊಂಡ ಅಂಗಳದಲ್ಲಿ ಲಾರಿಗಳು. ಮೊದಲು ಅವನು ಎತ್ತಿನ ದಲ್ಲಾಳಿ. ಅಜ್ಜಂಪುರದ ಹುಲ್ಲುಗಾವಲಿನ ಹೋರಿಗಳಿಂದ ಹಿಡಿದು ಯಾವ ಜಾತ್ರೆಯ ಎತ್ತನ್ನೂ ಬಿಟ್ಟವನಲ್ಲ. ಎತ್ತಿನ ಕಾಲ ಇಳಿಯುತ್ತಾ ಬಂದಾಗ ಲಾರಿಗೆ ತಿರುಗಿದ. ಎತ್ತು ಹೋದರೂ ಟವೆಲ್ಲನ್ನು ಬಿಡಲಿಲ್ಲ. ಅವನಲ್ಲಿ ಬೆಲೆ ಬಾಯಲ್ಲಿ ಆಡುವಂತಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ, ಎರಡರ ಮೇಲೆ ಒಂದು ಟವೆಲ್ಲು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಮೊದಲ ಹಿಡಿತ ಹತ್ತು ಸಾವಿರಗಳದ್ದು, ಆಮೇಲಿನದು ಬಿಡಿ ಸಾವಿರದ್ದು. ಒಪ್ಪಿಗೆಯಾಗುವವರೆಗೆ ಒಬ್ಬರೂ ತುಟಿ ಬಿಚ್ಚುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಕಾಣುವುದು ಬಟ್ಟೆ ಅಲುಗುವುದಷ್ಟೇ.

ತೀರ್ಥಮ್ಮನಿಗೆ ಇದು ಹೊಸದಲ್ಲ. ಅವಳ ತಂದೆ ಬುಕ್ಕಾಂಬುಧಿಯವರು, ಎತ್ತು ಕಟ್ಟಿ ಮಾರುತ್ತಿದ್ದವರು. ಸಣ್ಣವಳಿದ್ದಾಗ ಮನೆಯಲ್ಲಿ ಆಟಕ್ಕೆ ಅವಳ ಕೈ ಮೇಲೆ ಟವೆಲ್ ಹಾಕಿ, "ಎಷ್ಟು ಹೇಳು?" ಅನ್ನುತ್ತಿದ್ದರು. ಮೈ ನೆರೆದ ಮೇಲೆ ಆ ಆಟ ನಿಂತಿತು. ಪರಗಂಡಸಿನ ಬೆರಳು ಹೆಂಗಸು ಹಿಡಿಯುವುದುಂಟೆ?

ಅಲ್ಲಿದ್ದ ಒಂದು ಗಾಡಿಯನ್ನು ಕಲ್ಲೇಶಪ್ಪ ಮೇಲಿಂದ ಕೆಳಗೆ ನೋಡಿದ, ಬೀರೂರು ರಸ್ತೆಯಲ್ಲಿ ಓಡಿಸಿಯೂ ನೋಡಿದ. ಬಣ್ಣ ಮಾಸಿತ್ತು, ಬಾಗಿಲು ಬಡಿಯುತ್ತಿತ್ತು. "ಎಂಜಿನ್ ಗಂಟಲು ಚೆನ್ನಾಗೈತೆ ಅಮ್ಮಾವ್ರೇ. ಹಿಂದಿನ ಎರಡು ಟೈರು ಮಾತ್ರ ಮುಗಿದೋಗವೆ. ಅವನ್ನ ಹಾಕ್ದೆ ಹುಬ್ಬಳ್ಳಿ ದಾರಿ ಹಿಡಿಯೋಕಾಗಲ್ಲ," ಅಂದ. ಟೈರಿಗೆ ಎರಡೂವರೆ ಸಾವಿರದ ಮೇಲೆ. ಇನ್ಶೂರೆನ್ಸು, ಖಾತೆ ಬದಲಾವಣೆಯ ಓಡಾಟ ಬೇರೆ.

ಪಂಚಾಕ್ಷರಪ್ಪ ತನ್ನ ಹೆಗಲ ಟವೆಲ್ಲನ್ನೇ ಕೊಡವಿ ಹಾಕಿದ. ತೀರ್ಥಮ್ಮ ಮನೆಯ ಹೊಸ್ತಿಲ ಬಳಿ ನಿಂತು ನೋಡಿದಳು. ಬಟ್ಟೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ತನ್ನ ಸೈಟು, ತನ್ನ ಸರ, ತನ್ನ ಗಂಡನ ದುಡಿಮೆ ಎಲ್ಲ ಆ ಬಟ್ಟೆಯ ಕೆಳಗೆ ಹೊರಳಾಡುತ್ತಿದೆ, ತಾನು ಮಾತ್ರ ಯಾರದೋ ಮನೆ ಹೊಸ್ತಿಲಲ್ಲಿ ನಿಂತಿದ್ದೇನೆ ಅನ್ನಿಸಿತು.

ಕೊನೆಗೆ ದೇವೀರಪ್ಪ ಕೈ ಕೊಡವಿ ನಕ್ಕು, ಬಾಯಿ ಸಿಹಿಗೆ ಬೆಲ್ಲ ತರಲು ಒಳಗೆ ಹೋದ. ಪಂಚಾಕ್ಷರಪ್ಪ ಮುಖ ಒರೆಸಿಕೊಳ್ಳುತ್ತಾ ಬಂದ.

"ನಲವತ್ಮೂರಕ್ಕೆ ಕುದುರ್ತು ಅತ್ತಿಗೆ. ಮೊದಲು ನಲವತ್ತೈದು ಬಿಟ್ಟು ಇಳೀಲೇ ಇಲ್ಲ ಅವ್ನು, ಬೆರಳು ಮುರೀತು ಅನ್ನಿ. ದುಡ್ಡು ಕೊಡಿ, ನಾನೇ ಎಣಿಸಿ ಕೊಟ್ಟು ಬತ್ತೀನಿ. ಗಂಡಸರ ಮಧ್ಯೆ ನೀವ್ಯಾಕೆ."

ನಲವತ್ಮೂರು. ಟೈರಿಗೇ ಸಾಲದು. ಅಷ್ಟರಲ್ಲಿ ಒಳಗಿನಿಂದ ದೇವೀರಪ್ಪನ ಹೆಂಡತಿ ಅಂಬಮ್ಮ ಕಾಫಿಗೆ ಕರೆದಳು. "ಇರಪ್ಪ, ಕುಡಿದು ಬತ್ತೀನಿ," ಅಂತ ತೀರ್ಥಮ್ಮ ಒಳಗೆ ಹೋದಳು.

ಅಡಿಗೆಮನೆಯಲ್ಲಿ ಅಂಬಮ್ಮ ಮಣೆ ಹಾಕಿದಳು. ಅಭ್ಯಾಸದಂತೆ ಕುಂಕುಮದ ಭರಣಿ ಎತ್ತಿಕೊಂಡವಳು ತೀರ್ಥಮ್ಮನ ಹಣೆ ನೋಡಿ ನಿಧಾನವಾಗಿ ಅದನ್ನು ಹಿಂದಕ್ಕಿಟ್ಟು, ವಿಭೂತಿಯ ಕರಡಿಗೆ ಮುಂದಿಟ್ಟಳು.

ಕಾಫಿ ಅರ್ಧ ಕುಡಿದ ಮೇಲೆ ತೀರ್ಥಮ್ಮ ಅಂದಳು. "ಅಂಬಮ್ಮನೋರೇ, ಲಾರಿ ತಗೊಳ್ಳೋಳು ನಾನು. ನನ್ನ ಬೆರಳು ಮಾತ್ರ ಯಾರೂ ಹಿಡೀಲಿಲ್ಲ. ನನ್ನದೂ ಒಂದು ಮಾತು ನಡೀಲಿ. ನಿಮ್ಮ ಬೆರಳು ಹಿಡೀತೀನಿ, ನೀವು ಹೋಗಿ ನಿಮ್ಮ ಯಜಮಾನ್ರದು ಹಿಡೀರಿ. ಎರಡು ಸಾವಿರ ಇಳಿದ್ರೆ ನನಗೆ ಟೈರಾಗುತ್ತೆ."

ಅಂಬಮ್ಮ ಕಿಲಕಿಲ ನಕ್ಕಳು. "ಅಯ್ಯೋ ನಿಮ್ಮ. ಮೂವತ್ತು ವರ್ಷದಿಂದ ಈ ಮನೆ ವ್ಯಾಪಾರವೆಲ್ಲ ನನ್ನ ಬೆರಳಿಗೆ ಗೊತ್ತು. ಏನೇ ಕುದುರಿದ್ರೂ ಒಳಗೆ ಬಂದು ಒತ್ತಿ ಹೋಗ್ತಾರೆ, ಗೋಡೆಗೆ ಕಿವಿ ಇರುತ್ತಂತೆ. ನನ್ನ ಜೊತೆ ವ್ಯಾಪಾರ ಮಾಡಿದೋರು ಮಾತ್ರ ನೀವೇ ಮೊದಲು. ಹಾಕಿ ಸೆರಗು."

ತೀರ್ಥಮ್ಮ ಸೆರಗು ಹರಡಿ ಕೈ ಹಿಡಿದಳು. ನಾಲ್ಕು ಬೆರಳು. ಬಿಟ್ಟು ಒಂದು ಬೆರಳು. ನಲವತ್ತೊಂದು.

ಅಂಬಮ್ಮನ ನಗು ನಿಂತಿತು. ತೀರ್ಥಮ್ಮನ ಮುಖವನ್ನೇ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗಿನೊಳಗೆ ತಾನು ತೀರ್ಥಮ್ಮನ ಕೈ ಹಿಡಿದಳು. ಮೂರು ಬೆರಳು. ಬಿಟ್ಟು ಇಡೀ ಕೈ, ಮತ್ತೆ ಮೂರು ಬೆರಳು.

ಮೂವತ್ತೆಂಟು.

"ಈಗ ತಾನೇ ಬಂದು ಒತ್ತಿ ಹೋದ್ರು," ಅಂದಳು ಪಿಸುದನಿಯಲ್ಲಿ. "ನೀವ್ಯಾಕೆ ತಾಯಿ ಮೇಲಕ್ಕೆ ಹೋಗ್ತೀರಾ?"

ತೀರ್ಥಮ್ಮ ಕೈ ಬಿಡಲಿಲ್ಲ. ಎರಡು ವರ್ಷದಿಂದ ಯಾರೂ ಹಿಡಿಯದ ಕೈ ಅದು. ಈಗ ಹಿಡಿದವರು ಹೇಳಿದ ಸುದ್ದಿ ಇಂಥದ್ದು.

ಐದು ಸಾವಿರ. ಅಂಗಳದಲ್ಲಿ ಪಂಚಾಕ್ಷರಪ್ಪ ಕಲ್ಲೇಶಪ್ಪನ ಜೊತೆ ಏನೋ ಹೇಳಿ ನಗುತ್ತಿದ್ದುದು ಕೇಳಿಸುತ್ತಿತ್ತು. ಆ ನಗುವೇ ದಿನಾ ಸಂಜೆ ಜಗಲಿಯಲ್ಲಿ ಕೇಳುವ ನಗು. ಸುಮ್ಮನೆ ನಲವತ್ಮೂರು ಕೊಟ್ಟುಬಿಡಲೇ ಅಂತ ತೀರ್ಥಮ್ಮ ನಿಜವಾಗಿ ಯೋಚಿಸಿದಳು. ಗೊತ್ತಿಲ್ಲದವಳಂತೆ ಇದ್ದರೆ ನಾಳೆ ಸಂಜೆಯೂ ಬರುತ್ತಾನೆ, ಸಕ್ಕರೆ ಕಮ್ಮಿ ಅನ್ನುತ್ತಾನೆ. ಲೋಕದಲ್ಲಿ ಜನ ಇದಕ್ಕಿಂತ ಹೆಚ್ಚು ಕೊಟ್ಟು ಇದಕ್ಕಿಂತ ಕಡಿಮೆ ಕೊಂಡಿದ್ದಾರೆ. ಕೇಳಿದ್ದರೆ ಕೊಡುತ್ತಿದ್ದಳಲ್ಲ. ಅವನಿಗೆ ದುಡ್ಡಿನ ಅಡಚಣೆ ಇದೆ ಅಂತ ಅವಳಿಗೂ ಗೊತ್ತಿತ್ತು. ಆದರೆ ಟೈರಿಲ್ಲದ ಲಾರಿ ಅಂಗಳದಲ್ಲಿ ನಿಲ್ಲುತ್ತದೆ, ಮಂಡಿಯಲ್ಲಿ ಕಾಯಿ ಬಿರಿಯುತ್ತದೆ. ಮಂಡಿ ಮುಚ್ಚಿದರೆ ಹಗಲೂ ಸಂಜೆಯಂತೆಯೇ ಆಗುತ್ತದೆ.

ಲೋಟ ಕೆಳಗಿಟ್ಟು ಎದ್ದಳು. "ಅಂಬಮ್ಮನೋರೇ, ಬನ್ನಿ ನನ್ನ ಜೊತೆ. ಒಂದು ಸುಳ್ಳು ಹೇಳ್ತೀನಿ, ಹೂಂ ಅನ್ನಿ."

ಅಂಗಳದಲ್ಲಿ ಮೈದುನನ ಕೈಗೆ ಏನನ್ನೂ ಕೊಡದೆ ನೇರ ದೇವೀರಪ್ಪನ ಮುಂದೆ ಹೋಗಿ ನಿಂತಳು. ಸೊಂಟದ ಚೀಲ ಬಿಚ್ಚಿ, ಜಗಲಿಯ ಮೇಲೆ ನೋಟಿನ ಕಟ್ಟುಗಳನ್ನಿಟ್ಟಳು.

"ಮೂವತ್ತೆಂಟು ಐತೆ, ಎಣಿಸ್ಕೊಳ್ಳಿ ದೇವೀರಪ್ನೋರೇ." ಆಮೇಲೆ ಪಂಚಾಕ್ಷರಪ್ಪನ ಕಡೆ ತಿರುಗಿ, ಮೆತ್ತಗೆ, "ಅಂಬಮ್ಮನೋರು ದೊಡ್ಡ ಮನಸ್ಸು ಮಾಡಿ ಐದು ಇಳಿಸಿದ್ರು ಕಣಪ್ಪ. ಹೆಂಗಸರ ಕೈಗೂ ಒಂದೊಂದ್ಸಲ ವ್ಯಾಪಾರ ಕುದುರುತ್ತೆ," ಅಂದಳು.

"ಐದು ಎಲ್ಲಿಂದ ಇಳೀತೇ?" ಅಂದ ದೇವೀರಪ್ಪ ಹೆಂಡತಿಗೆ.

"ಸುಮ್ನೆ ಎಣಿಸ್ರೀ," ಅಂದಳು ಅಂಬಮ್ಮ.

ದೇವೀರಪ್ಪ ದಲ್ಲಾಳಿ. ಒಂದು ಸಲ ಎಲ್ಲರ ಮುಖ ನೋಡಿದ, ತಲೆ ತಗ್ಗಿಸಿ ಎಣಿಸತೊಡಗಿದ. ಪಂಚಾಕ್ಷರಪ್ಪ ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ, ಮತ್ತೆ ತೆಗೆದು ಮಡಚಿದ.

"ಒಳ್ಳೇದಾಯ್ತಲ್ಲ ಅತ್ತಿಗೆ," ಅಂದ.

"ಹೂಂ ಕಣಪ್ಪ, ಒಳ್ಳೇದಾಯ್ತು."

ಲಾರಿಯಲ್ಲಿ ಮೂವರೂ ಮುಂದೆ ಕೂತು ಹೊರಟರು. ಬೀರೂರು ಬಂದಾಗ ಪಂಚಾಕ್ಷರಪ್ಪ, "ಇಲ್ಲೊಬ್ರನ್ನ ನೋಡ್ಬೇಕು, ನೀವು ನಡೀರಿ," ಅಂತ ಇಳಿದುಕೊಂಡ. ತೀರ್ಥಮ್ಮ, "ಸಂಜೆಗೆ ಬಾ, ಕಾಫಿಗೆ," ಅಂದಳು. ಕೇಳಿಸಿತೋ ಇಲ್ಲವೋ, ಬಾಗಿಲು ಬಡಿಯುವ ಸದ್ದು ಜೋರಾಗಿತ್ತು. ಅಜ್ಜಂಪುರದವರೆಗೂ ಕಲ್ಲೇಶಪ್ಪ ಗಾಡಿಯನ್ನು ಹೊಗಳುತ್ತಾ ಬಂದ, ತೀರ್ಥಮ್ಮ ಹೂಂಗುಟ್ಟುತ್ತಾ ಬಂದಳು.

ಅವನು ಅಂದು ಸಂಜೆ ಬರಲಿಲ್ಲ. ಮರುದಿನ ಬರಲಿಲ್ಲ. ಲಾರಿಗೆ ಪೂಜೆ ಮಾಡಿಸಿದ ದಿನ ಅವಳು ಹೇಳಿ ಕಳಿಸಿದಳು, ಹೆಂಡತಿಯನ್ನು ಕಳಿಸಿದ. ದಾರಿಯಲ್ಲಿ ಅತ್ತಿಗೆ ಎದುರಾದರೆ ಬೀದಿಯ ಆಚೆ ಬದಿಗೆ ದಾಟಿಬಿಡುತ್ತಿದ್ದ.

ಹೊಸ ಟೈರು ಹಾಕಿಸಿಕೊಂಡು ಲಾರಿ ಹುಬ್ಬಳ್ಳಿಗೆ ನಾಲ್ಕಾರು ಸಲ ಹೋಗಿ ಬಂದ ಮೇಲೆ, ಒಂದು ದಿನ ಅವನ ಹೆಂಡತಿ ವಿಶಾಲಾಕ್ಷಮ್ಮ ಮಂಡಿಗೆ ಬಂದಳು. ಕಾಯಿಯ ರಾಶಿಯ ಪಕ್ಕ ಕೂತಳು.

"ನನಗೆ ಗೊತ್ತು ಅಕ್ಕ, ಅವರು ಮಾಡಿದ್ದು," ಅಂದಳು. "ಅವರೇ ಹೇಳಿದ್ರು."

"ಅದಕ್ಕೇನೀಗ. ನಾನು ಒಂದು ಮಾತೂ ಆಡ್ಲಿಲ್ಲವಲ್ಲೇ. ಜನದ ಮುಂದೆ ಅವನ ಮುಖ ಉಳಿಸ್ದೆ."

"ಅದೇ ತಪ್ಪಾಯ್ತು ನೋಡಿ. ಅಲ್ಲೇ ನಾಲ್ಕು ಜನರ ಮುಂದೆ ಕಳ್ಳ ಅಂತ ಉಗಿದಿದ್ರೆ, ಅವರೂ ಕೂಗಾಡಿ, ಜಗಳ ಮಾಡ್ಕೊಂಡು ಮನೆಗೆ ಬರೋರು. ಒಂದು ಹದಿನೈದು ದಿನ ಮಾತು ಬಿಡೋರು, ಆಮೇಲೆ ನಾಚಿಕೆ ಬಿಟ್ಟು ಕಾಫಿಗೆ ಬರೋರು. ಅಣ್ಣತಮ್ಮಂದಿರು ಅದೆಷ್ಟು ಸಲ ಹಾಗೆ ಕಚ್ಚಾಡಿಲ್ಲ? ನೀವು ಬೈಲೇ ಇಲ್ಲ. ಬೈದಿದ್ರೆ ತೀರೋಗ್ತಿತ್ತು. ಈಗ ಅದನ್ನ ಎಲ್ಲಿ ಇಳಿಸ್ಬೇಕೋ ಅವರಿಗೆ ಗೊತ್ತಾಗ್ತಿಲ್ಲ."

ತೀರ್ಥಮ್ಮ ಒಂದು ಕಾಯಿ ಎತ್ತಿ ಬೆರಳಿಂದ ತಟ್ಟಿ ಸದ್ದು ನೋಡಿದಳು, ಮತ್ತೆ ರಾಶಿಗೆ ಇಟ್ಟಳು. ವಿಶಾಲಾಕ್ಷಮ್ಮ ಹೇಳಿದ್ದು ಸರಿ ಅಂತ ಅವಳಿಗೆ ಕೂಡಲೇ ಹೊಳೆಯಿತು. ವ್ಯಾಪಾರದಲ್ಲಿ ಬೆಲೆ ಮುಚ್ಚಿಡಬಹುದು. ಮನೆಯವರ ತಪ್ಪನ್ನು ಹಾಗೆ ಬಟ್ಟೆ ಹಾಕಿ ಮುಚ್ಚಬಾರದು, ಅದು ಅಲ್ಲೇ ಉಳಿದುಬಿಡುತ್ತದೆ.

"ಈಗ ಬಂದು ಬೈಲೇನೇ?" ಅಂದಳು.

"ಈಗ ಬೈದ್ರೆ ಹಳೇದಾಯ್ತು ಅಕ್ಕ," ಅಂದಳು ವಿಶಾಲಾಕ್ಷಮ್ಮ.

ಆದರೂ ತೀರ್ಥಮ್ಮ ಒಂದು ಸಂಜೆ ಹಿಂದಿನ ಬೀದಿಗೆ ಹೋದಳು. ಪಂಚಾಕ್ಷರಪ್ಪ ಎದ್ದು ನಿಂತ, ಚಾಪೆ ಹಾಸಿಸಿದ, ಕಾಫಿ ತರಿಸಿದ. ಬಂದ ನೆಂಟರಿಗೆ ಮಾಡುವಂತೆ ಎಲ್ಲ ಮರ್ಯಾದೆ ಮಾಡಿದ. ಲಾರಿ ಹೇಗೆ ಓಡ್ತಿದೆ ಅಂತ ಕೇಳಿದ. ಕಾಫಿಗೆ ಸಕ್ಕರೆ ಕಮ್ಮಿಯೋ ಜಾಸ್ತಿಯೋ ಅಂತ ಮಾತ್ರ ಕೇಳಲಿಲ್ಲ. ಬೈಯಲೆಂದು ಹೋದವಳು ಬಾಯಿ ಬಾರದೆ ಎದ್ದು ಬಂದಳು.

ಆ ಲಾರಿ ಎಂಟು ವರ್ಷ ಓಡಿತು. ಬಾಡಿಗೆಯ ದುಡ್ಡು ಮನೆಯಲ್ಲೇ ಉಳಿಯಿತು, ಕಾಯಿ ಬಿರಿಯುವುದು ನಿಂತಿತು. ಸೆರಗಿನ ಕೆಳಗೆ ಐದು ಸಾವಿರ ಉಳಿದಿತ್ತು, ಅದರಲ್ಲಿ ಎರಡು ಟೈರು ಬಂತು. ದಿನಾ ಸಂಜೆ ಜಗಲಿಯ ಮೇಲೆ ಬಂದು ಕೂರುತ್ತಿದ್ದ ಒಬ್ಬ ಮನುಷ್ಯ ಹೋದ.